ಆರನೆಯ ಹೆಜ್ಜೆ

ಮಾರ್ಚ್ ೩

ಅಕ್ಕ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಕ್ಷೇಮ ವಿಚಾರಿಸೋಕೆ ಅಂದುಕೊಳ್ಳಬೇಡ. ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಐದನೆಯ ಸಲಕ್ಕೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದೀಯ ಅಂತ ಗೊತ್ತಾಯಿತು. ಉಳಿದದ್ದು ಅಂಚೆ ಒಂದೇ.

ವಿಷಯ ಇಷ್ಟು. ನೀನು ಕಟ್ಟಿಹೋದ ಒಳಗಿನ ಕಂಪ್ಯೂಟರ್ ಒಂಬತ್ತು ದಿನದಿಂದ ಏಳುತ್ತಿಲ್ಲ. ಅದು ಏಳದಿದ್ದರೆ ಕತ್ತರಿಸುವ ಯಂತ್ರಕ್ಕೆ ಆಜ್ಞೆ ಕೊಡುವವರಿಲ್ಲ. ಒಂಬತ್ತು ದಿನದಿಂದ ನಮ್ಮಲ್ಲಿ ಮಕ್ಕಳ ಕಾಲಿಗೆ ಆಸರೆ ಕಟ್ಟುವ ಒಂದೇ ಒಂದು ಕ್ಯಾಲಿಪರ್ ತಯಾರಾಗಿಲ್ಲ. ಇನ್ನೂರ ಹನ್ನೆರಡು ಮಕ್ಕಳ ಕಾಲಿನ ಅಳತೆ, ಪಾದದ ಚಿತ್ರ, ಎಲ್ಲ ಅದರೊಳಗೇ ಸಿಕ್ಕಿಕೊಂಡಿದೆ. ಬೆಳೆಯುವ ಮಕ್ಕಳು. ಹಳೇ ಕ್ಯಾಲಿಪರ್‌ನಿಂದ ಹಿಮ್ಮಡಿ ಹೊರಗೆ ಚಾಚಿಕೊಂಡು ಬರುತ್ತಿದ್ದಾರೆ.

ಎರಡು ಬೀದಿ ಆಚೆಯ ರಿಪೇರಿಯವನು ಬಂದು ನೋಡಿದ. 'ಕಂಪ್ಯೂಟರ್ ಒಳಗೆ ಕಂಪ್ಯೂಟರು, ಅದರೊಳಗೆ ಇನ್ನೊಂದು. ಇದನ್ನ ಮಾಡಿದೋರು ಯಾರು ಸ್ವಾಮಿ, ತಲೆ ಸರಿ ಇತ್ತಾ?' ಅಂತ ಕೇಳಿದ.

ಏನು ಮಾಡಬೇಕು, ಅದನ್ನಷ್ಟೇ ಬರಿ. ಬೇರೆ ಮಾತು ಬೇಡ. ಬರೆದಿರುವುದು ಅಪ್ಪನಿಗೆ ಗೊತ್ತಿಲ್ಲ.

ತಮ್ಮ


ಮಾರ್ಚ್ ೧೧

ಕಾರ್ಖಾನೆಯ ಮಾಲೀಕರಿಗೆ,

ತಮ್ಮ ಪತ್ರ ತಲುಪಿತು. ಬೇರೆ ಮಾತು ಬೇಡ ಎಂದಿದ್ದೀರಿ. ಸಂತೋಷ. ಆದರೆ ನನ್ನ ಷರತ್ತುಗಳನ್ನು ಕೇಳಲೇಬೇಕಾಗುತ್ತದೆ.

ಎಲ್ಲವೂ ಕಾಗದದ ಮೇಲೆ, ನಿಮ್ಮ ಸಹಿಯೊಂದಿಗೆ. ನೀವು ಇವತ್ತು ಆಡಿದ ಮಾತನ್ನು ನಾಳೆ 'ನಾನೆಲ್ಲಿ ಹಾಗಂದೆ' ಎನ್ನುವವರು. ಕಾಗದಕ್ಕೆ ಆ ಚಾಳಿ ಇಲ್ಲ. ಮತ್ತೆ, ನಾನು ಹೇಳುವವರೆಗೆ ಯಾವುದನ್ನೂ ಅಳಿಸಬೇಡಿ. ರಿಪೇರಿಯವನ ಕೈಯನ್ನು ಅವನ ಜೇಬಿನಲ್ಲೇ ಇಡಿಸಿ.

ನನ್ನ ತಲೆ ಸರಿ ಇತ್ತು ಎಂದು ಅವನಿಗೆ ತಿಳಿಸಿ. ಕತ್ತರಿಸುವ ಯಂತ್ರ ಅಪ್ಪನ ಕಾಲದ್ದು. ಅದಕ್ಕೆ ಅರ್ಥವಾಗುವುದು ಒಂದೇ ಒಂದು ಹಳೇ ಪ್ರೋಗ್ರಾಮು. ಆ ಪ್ರೋಗ್ರಾಮು ಓಡುವುದು ಈಗ ಯಾರೂ ಮಾರದ ಹಳೇ ಕಂಪ್ಯೂಟರಿನಲ್ಲಿ ಮಾತ್ರ. ಹಾಗಾಗಿ ಹೊಸ ಕಂಪ್ಯೂಟರಿನೊಳಗೆ ಒಂದು ಹುಸಿ ಕಂಪ್ಯೂಟರ್ ಮಾಡಿದೆ. ವರ್ಚುಯಲ್ ಮಷೀನು ಅಂದರೆ ಇಷ್ಟೇ: ಒಳಗಿರುವುದಕ್ಕೆ ತಾನು ನಿಜವಾದ ಯಂತ್ರ ಎಂಬ ನಂಬಿಕೆ, ಆ ನಂಬಿಕೆ ಕೆಡದಂತೆ ಹೊರಗಿನದು ನೋಡಿಕೊಳ್ಳುತ್ತದೆ. ಅಲ್ಲಿಗೆ ಎರಡೇ ಪದರ ಇತ್ತು. ಮೂರನೆಯದು ನಿಮ್ಮ ಕೊಡುಗೆ. ಅಂಗಡಿಯವನ ಮಾತು ಕೇಳಿ ಸಾಮಾನಿನ ಕೋಣೆಯಲ್ಲಿ ಒಂದು ದೊಡ್ಡ ಸರ್ವರ್ ಪೆಟ್ಟಿಗೆ ತಂದಿಟ್ಟಿರಿ, 'ಇರೋದೆಲ್ಲ ಇದರೊಳಗೆ ಹಾಕು' ಅಂದಿರಿ. ಹಾಕಿದೆ.

ಯಾರು ಎಲ್ಲಿ ಕೂತಿದ್ದೇವೆ ಎಂದು ಗೊಂದಲವಾಗದಿರಲಿ ಅಂತ ಪರದೆಗಳಿಗೆ ಬಣ್ಣ ಕೊಟ್ಟಿದ್ದೆ. ಹೊರಗಿನ ಪೆಟ್ಟಿಗೆ ಕೆಂಪು. ಅದರೊಳಗಿನದು ನೀಲಿ. ನೀಲಿಯೊಳಗಿನ ಹಳೆಯದು ಹಳದಿ. ಈಗ ಹೇಳಿ: ಯಾವ ಬಣ್ಣದವರೆಗೆ ಹೋಗಲು ಸಾಧ್ಯ? ಅಲ್ಲಿ ಏನು ಬರೆದು ಬರುತ್ತದೆ? ಅಕ್ಷರ ಬಿಡದೆ ಬರೆಯಿರಿ.

ಇಂತಿ,
ನೀವು ಹೊರಹಾಕಿದ ನೌಕರಳು


ಮಾರ್ಚ್ ೧೯

ಅಕ್ಕ,

ಈ 'ನೀವು', 'ತಾವು', 'ಮಾಲೀಕರು' ಎಲ್ಲ ಯಾರ ಮುಂದೆ? ಸಣ್ಣವನಿದ್ದಾಗ ನನ್ನ ಮೂಗು ಒರೆಸಿದವಳು ನೀನು. ಆಯಿತು, ನಿನ್ನ ಖುಷಿ. ಅಂದು ಆಡಿದ್ದಕ್ಕೆ ನಾನು ಕ್ಷಮೆ ಕೇಳುತ್ತೇನೆ ಅಂತ ಕಾಯುತ್ತಿದ್ದರೆ ಕಾಯುತ್ತಲೇ ಇರು.

ಕೆಂಪು ಏಳುತ್ತದೆ. ನೀಲಿ ಏಳುತ್ತದೆ, ಆದರೆ ತೆವಳುತ್ತದೆ. ಹಳದಿಯನ್ನು ಎಬ್ಬಿಸಿದರೆ ಒಂದು ನಿಮಿಷ ಹಳದಿ ಮುಖ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಮೇಲೆ 'ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ' ಎಂದು ಬರುತ್ತದೆ. ಮುಂದುವರಿಸುವ ಗುಂಡಿ ಒತ್ತಿದರೆ ಅರೆಗಳಿಗೆ ಓಡಿ ಮತ್ತೆ ಅದೇ ಕಥೆ. ರಿಪೇರಿಯವನು ಮೆಮೊರಿ ಜಾಸ್ತಿ ಕೊಟ್ಟ. ಏನೂ ಆಗಲಿಲ್ಲ. ಡಿಸ್ಕ್ ತುಂಬಿರಬಹುದು ಅಂತ ಕೆಂಪಿನಲ್ಲಿ ನೋಡಿದ. ಅಲ್ಲಿ ಇನ್ನೂ ಜಾಗ ಇದೆಯಂತೆ. ಹಾಗಾಗಿ ಹಳದಿಯೇ ಕೆಟ್ಟಿದೆ, ತೆಗೆದು ಹೊಸದು ಹಾಕಿ ಅನ್ನುತ್ತಾನೆ. ಹಾಕಿದರೆ ಅಳತೆಗಳು ಹೋದ ಹಾಗೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಆ ಹುಡುಗಿ ಮತ್ತೆ ಬಂದಿದ್ದಾಳೆ. ಯಾವ ಹುಡುಗಿ ಅಂತ ನಿನಗೆ ಗೊತ್ತು. ಆಗ ನಾಲ್ಕು ವರ್ಷ, ಈಗ ಏಳು. ದಿನಾ ಅವಳ ತಾಯಿ ಬಂದು ಬಾಗಿಲ ಹತ್ತಿರ ನಿಂತು 'ಆಯ್ತಾ?' ಅಂತ ಕೇಳುತ್ತಾಳೆ. ನಿನ್ನ ಒಂದು ತಪ್ಪು ಅಂಕಿಯಿಂದ ಮೂಳೆ ಕಾಣುವಷ್ಟು ಹುಣ್ಣಾಗಿತ್ತು ಆ ಮಗುವಿಗೆ. ಅಷ್ಟಾದ ಮೇಲೂ ಅವರು ನಮ್ಮನ್ನು ನಂಬಿ ಬರುತ್ತಿದ್ದಾರೆ. ಅವಳಿಗಾದರೂ ಬೇಗ ಬರಿ.

ತಮ್ಮ


ಮಾರ್ಚ್ ೨೭

ಮಾಲೀಕರಿಗೆ,

'ನಿನ್ನ ಒಂದು ತಪ್ಪು ಅಂಕಿ.' ಕಾಗದದ ಮೇಲೆ ಬರೆದು ಸಹಿ ಹಾಕಿದ್ದೀರಿ. ಒಳ್ಳೆಯದು, ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಮೊದಲು ಯಂತ್ರ. ಹಳದಿಗೆ ಏನೂ ಆಗಿಲ್ಲ. ಕೆಟ್ಟ ಯಂತ್ರ ಸಾಯುತ್ತದೆ, ಹೀಗೆ ಎದ್ದು ಎದ್ದು ನಿಲ್ಲುವುದಿಲ್ಲ. ಬರೆಯಲು ಹೋದಾಗಲೆಲ್ಲ ಜಾಗ ಸಿಗದೆ ನಿಲ್ಲುತ್ತಿದೆ. ನಿಮ್ಮ ರಿಪೇರಿಯವನು ಜಾಗ ನೋಡಿದ್ದು ಕೆಂಪಿನಲ್ಲಿ. ಬೀದಿಯಲ್ಲಿ ಎಷ್ಟು ಗಾಳಿ ಬೀಸಿದರೆ ತಾನೇ ಏನು, ಕಿಟಕಿ ಮುಚ್ಚಿದ ಕೋಣೆಯೊಳಗಿನವನಿಗೆ ಉಸಿರು ಕಟ್ಟುತ್ತದೆ. ಹಳದಿ ಇರುವುದು ನೀಲಿಯೊಳಗೆ. ನೀಲಿಗೆ ನಾನು ಕೊಟ್ಟ ಜಾಗ ಎಷ್ಟೋ ಅಷ್ಟೇ ಅದರ ಪ್ರಪಂಚ. ನೀಲಿಯಲ್ಲಿ ಕೂತು ನೋಡಿ. ಎಷ್ಟು ಜಾಗ ಉಳಿದಿದೆ, ಅತಿ ದೊಡ್ಡ ಫೈಲುಗಳು ಯಾವುವು, ಹೆಸರು ಸಮೇತ ಬರೆಯಿರಿ. ನೋಡುವುದು ಮಾತ್ರ, ಮುಟ್ಟುವುದಲ್ಲ.

ಈಗ ಆ ಅಂಕಿ. ಮೀನಖಂಡದ ಸುತ್ತಳತೆ ಹತ್ತೊಂಬತ್ತು ಇರಬೇಕಾದಲ್ಲಿ ಹದಿನಾರು ಎಂದು ಬಿದ್ದಿತ್ತು. ಅಳತೆ ಬರೆಯುವವಳು ಸಾಮಾನ್ಯವಾಗಿ ನಾನೇ, ಹಾಗಾಗಿ ತಪ್ಪೂ ನನ್ನದೇ ಎಂದು ತೀರ್ಮಾನಿಸಿದಿರಿ. ಐದು ಜನ ಕೆಲಸದವರ ಮುಂದೆ, ಆ ತಾಯಿಯ ಮುಂದೆ. ಯಾರು ಬರೆದದ್ದು ಎಂದು ಪ್ರೋಗ್ರಾಮಿನಲ್ಲೇ ಇರುತ್ತದೆ, ಬಂದು ನೋಡು ಎಂದೆ. 'ಕಂಪ್ಯೂಟರ್ ನಿಂದು, ಅದರಲ್ಲಿ ಏನು ಬೇಕಾದ್ರೂ ಬರ್ಕೋತೀಯ' ಅಂದಿರಿ. ಅಪ್ಪ ಗೋಡೆ ಪಕ್ಕ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಇಡೀ ಹೊತ್ತು ಕನ್ನಡಕ ಒರೆಸುತ್ತಿದ್ದರು. ನನಗೆ ನಿಮ್ಮ ಕೂಗಾಟ ಮರೆತೇಹೋಗಿದೆ. ಆ ಒರೆಸುವುದು ಮರೆತಿಲ್ಲ.

ಇಂತಿ,
ಹೊರಹಾಕಿದ ನೌಕರಳು


ಏಪ್ರಿಲ್ ೬

ಅಕ್ಕ,

ಸಿಕ್ಕಿಬಿದ್ದೆ ನೀನು!

ನೀಲಿಯಲ್ಲಿ ಎಳ್ಳಷ್ಟೂ ಜಾಗ ಇಲ್ಲ. ಸೊನ್ನೆ. ಯಾಕಿಲ್ಲ ಅಂತ ಹುಡುಕಿದೆ. ಹಳದಿಯ ಹೆಸರಿನಲ್ಲೇ ಒಂದು ಸ್ನ್ಯಾಪ್‌ಶಾಟ್ ಇದೆ. ಅದಕ್ಕೆ 'ಮುಟ್ಟಬೇಡಿ' ಅಂತ ಹೆಸರು. ತಾರೀಖು ನೀನು ಹೋದ ದಿನದ್ದು, ಸಂಜೆ ನಾಲ್ಕು ಹತ್ತು. ಅದರ ಬಾಲಕ್ಕೆ ಅಂಟಿಕೊಂಡ ಫೈಲು ಊದಿ ಊದಿ ಇಡೀ ನೀಲಿಯನ್ನು ತಿಂದುಹಾಕಿದೆ.

ಅಂದರೆ ಹೋಗುವಾಗ ಬೇಕಂತಲೇ ಗೂಟ ಹೊಡೆದು ಹೋಗಿದ್ದೀಯ. ಇವತ್ತಲ್ಲ ನಾಳೆ ಇವರ ಉಸಿರು ನಿಲ್ಲುತ್ತದೆ, ನನ್ನ ಕಾಲಿಗೆ ಬೀಳುತ್ತಾರೆ ಅಂತ ಲೆಕ್ಕ ಹಾಕಿದ್ದೆ. ನಾನೂ ಬೆಪ್ಪನ ಹಾಗೆ ತಿಂಗಳಿಂದ ನಿನಗೆ ಕಾಗದ ಬರೆಯುತ್ತಾ ಕೂತಿದ್ದೇನೆ. ನನ್ನ ಮೇಲೆ ಹೊಟ್ಟೆಯುರಿ ಇದ್ದರೆ ನನ್ನನ್ನು ಸುಡು. ಮಕ್ಕಳ ಕಾಲು ಏನು ಮಾಡಿತ್ತು ನಿನಗೆ?

ಸ್ನ್ಯಾಪ್‌ಶಾಟ್ ಅಳಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ರಿಪೇರಿಯವನು ಹೇಳುತ್ತಿದ್ದಾನೆ. ಹದಿನೈದನೇ ತಾರೀಖಿನವರೆಗೆ ನೋಡುತ್ತೇನೆ. ಅಷ್ಟರೊಳಗೆ ನಿನ್ನ ಉತ್ತರ ಬರದಿದ್ದರೆ ಅಳಿಸಿಬಿಡುತ್ತೇನೆ.

ತಮ್ಮ


ಏಪ್ರಿಲ್ ೧೦

ಮಾಲೀಕರಿಗೆ,

ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದದೆ ಯಾವ ಗುಂಡಿಯನ್ನೂ ಒತ್ತಬೇಡಿ.

ಹೌದು, ಅದನ್ನು ಇಟ್ಟವಳು ನಾನು. ನೀಲಿ ತುಂಬಿದ್ದು ನನ್ನ ತಪ್ಪು. ಇದನ್ನೂ ಕಾಗದದ ಮೇಲೆ ಬರೆಯುತ್ತಿದ್ದೇನೆ, ಬೇಕಾದರೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ.

ಸ್ನ್ಯಾಪ್‌ಶಾಟ್ ಅಂದರೆ ಆ ಕ್ಷಣದ ಹಳದಿ ಹೇಗಿತ್ತೋ ಹಾಗೇ ಅದನ್ನು ಹೆಪ್ಪುಗಟ್ಟಿಸಿ ಇಡುವುದು. ಅಲ್ಲಿಂದಾಚೆ ಬರೆದದ್ದೆಲ್ಲ ಬೇರೆ ಫೈಲಿಗೆ ಹೋಗಿ ಸೇರುತ್ತದೆ. ದಿನ ಕಳೆದಂತೆ ಅದು ಊದುತ್ತದೆ. ಈ ಕೆಲಸ ಕಲಿಯುವ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ: ಸ್ನ್ಯಾಪ್‌ಶಾಟನ್ನು ಹೆಚ್ಚು ದಿನ ಇಟ್ಟುಕೊಳ್ಳಬೇಡಿ. ನನಗೆ ಗೊತ್ತಿತ್ತು. ಆದರೂ ಇಟ್ಟೆ. ಒಂದು ತಿಂಗಳೊಳಗೆ ನಿಮ್ಮಲ್ಲಿ ಯಾರಾದರೂ ಫೋನ್ ಮಾಡಿ 'ವಾಪಸ್ ಬಾ' ಅನ್ನುತ್ತೀರಿ, ಬಂದು ಅಳಿಸಿದರಾಯಿತು ಅಂದುಕೊಂಡಿದ್ದೆ. ಮೂರು ವರ್ಷ ಅಂತ ಲೆಕ್ಕ ಹಾಕಿರಲಿಲ್ಲ.

ಯಾಕೆ ಇಟ್ಟೆ? ಆ ಹುಡುಗಿಯ ಪುಟಕ್ಕಾಗಿ. ಪುಟದ ಕೊನೆಯಲ್ಲಿ ಅಂಕಿ ಬರೆದವರ ಹೆಸರು, ತಾರೀಖು, ಹೊತ್ತು ಇರುತ್ತದೆ. ಯಾರಾದರೂ ತಿದ್ದಿದರೆ ಹಳೇ ಹೆಸರು ಹೋಗಿ ತಿದ್ದಿದವರದು ಕೂರುತ್ತದೆ. ನಾಳೆ ನೀವೇ ಕೂತು ತಿದ್ದುತ್ತೀರಿ ಅಂತ ಗೊತ್ತಿತ್ತು. ತಿದ್ದುವುದಕ್ಕೆ ಮುಂಚಿನ ದಿನವನ್ನು ಹಿಡಿದಿಟ್ಟು ಹೋದೆ. ಅದರೊಳಗಿರುವ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ನಂಬುವುದಿಲ್ಲ.

ಮಾಡಬೇಕಾದ್ದು ಹೀಗೆ.

೧. ಕೆಂಪಿನಲ್ಲಿ ಉಳಿದಿರುವ ಜಾಗವನ್ನು ಇನ್ನೊಂದು ಡಿಸ್ಕಾಗಿ ನೀಲಿಗೆ ಕೊಡಿ. ಇದಿಷ್ಟನ್ನು ರಿಪೇರಿಯವನು ಮಾಡಬಲ್ಲ. ಇಲ್ಲಿಗೇ ನಿಲ್ಲಿಸಿದರೂ ಹಳದಿ ಏಳಬಹುದು, ಆದರೆ ಆರು ತಿಂಗಳಲ್ಲಿ ಅದೂ ತುಂಬಿ ಮತ್ತೆ ಇದೇ ಗೋಳು.

೨. ನಿಮ್ಮ ಜಾಹೀರಾತಿನ ವಿಡಿಯೊಗಳನ್ನು ನೀಲಿಯಿಂದ ತೆಗೆಯಿರಿ. ಯಾರೂ ನೋಡುವುದಿಲ್ಲ.

೩. ಸ್ನ್ಯಾಪ್‌ಶಾಟಿಗೆ 'ಹಿಂದಿರುಗು' ಎಂಬ ಗುಂಡಿ ಇದೆ. ಅದನ್ನು ಯಾವ ಕಾರಣಕ್ಕೂ ಒತ್ತಬೇಡಿ. ಒತ್ತಿದರೆ ಮೂರು ವರ್ಷದ ಅಳತೆಗಳು ಹೋಗುತ್ತವೆ. ಅದರ ಪಕ್ಕದ 'ಪ್ರತಿ ಮಾಡು' ಒತ್ತಿ, ಪ್ರತಿಯನ್ನು ಹೊಸ ಡಿಸ್ಕಿನಲ್ಲಿ ಇರಿಸಿ.

೪. ಕತ್ತರಿಸುವ ಯಂತ್ರದ ವೈರ್ ಕಿತ್ತಿಡಿ. ಇಲ್ಲದಿದ್ದರೆ ಎರಡು ಹಳದಿಗಳೂ ಒಂದೇ ಯಂತ್ರಕ್ಕೆ ಆಜ್ಞೆ ಕೊಡುತ್ತವೆ.

೫. ಪ್ರತಿಯನ್ನು ಎಬ್ಬಿಸಿ. ಗಡಿಯಾರ ಆ ದಿನವನ್ನೇ ತೋರಿಸುತ್ತದೆ, ಹೆದರಬೇಡಿ.

೬. ಆ ಹುಡುಗಿಯ ಪುಟ ತೆರೆದು ಕೊನೆಯ ಸಾಲು ಓದಿ.

೭. ಪ್ರತಿಯನ್ನು ಮುಚ್ಚಿ. ನೀಲಿಗೆ ಬಂದು 'ಮುಟ್ಟಬೇಡಿ'ಯನ್ನು ಅಳಿಸಿ. ಎರಡು ಫೈಲುಗಳು ಒಂದರೊಳಗೊಂದು ಸೇರಲು ಇಡೀ ದಿನ ಹಿಡಿಯಬಹುದು. ನಿಂತುಹೋಯಿತು ಅನ್ನಿಸಿದರೂ ನಡುವೆ ಆಫ್ ಮಾಡಬೇಡಿ.

ಒಂದು ಮಾತು. ಒಂದು, ಎರಡು ಮಾಡಿ ನೇರ ಏಳಕ್ಕೆ ಹೋದರೂ ಯಂತ್ರ ಅಷ್ಟೇ ಚೆನ್ನಾಗಿ ಓಡುತ್ತದೆ. ಆರು ಬಿಟ್ಟಿರೆಂದು ಯಾರಿಗೂ ತಿಳಿಯುವುದಿಲ್ಲ. ನನ್ನ ಹೆಸರು ಈಗ ಹೇಗಿದೆಯೋ ಹಾಗೇ ಇರುತ್ತದೆ. ಅಲ್ಲಿಗೆ ನನ್ನ ಕೈಯಲ್ಲಿ ಇನ್ನೇನೂ ಉಳಿಯುವುದಿಲ್ಲ.

ಇಂತಿ,
ನೌಕರಳು


ಏಪ್ರಿಲ್ ೨೪

ಅಕ್ಕ,

ಯಂತ್ರ ಓಡುತ್ತಿದೆ. ಏಳನೆಯದನ್ನು ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ, ಸಂಜೆ ಆರಕ್ಕೆ ಮುಗಿಯಿತು. ನಡುವೆ ಎರಡು ಗಂಟೆ ಅಲ್ಲಾಡಲಿಲ್ಲ. ಆಫ್ ಮಾಡೋಣ ಅಂತ ರಿಪೇರಿಯವನು ಕೈ ಚಾಚಿದ, ನಾನು ಅವನ ಕೈ ಹಿಡಿದು ಆಚೆ ಕೂರಿಸಿದೆ.

ಇನ್ನೂರ ಹನ್ನೆರಡು ಅಳತೆಗಳೂ ಇವೆ. ಮೊದಲು ಕತ್ತರಿಸಿದ್ದು ಆ ಹುಡುಗಿಯದನ್ನೇ. ನಿನ್ನೆ ಹಾಕಿಕೊಂಡು ಕಾರ್ಖಾನೆಯ ಉದ್ದಕ್ಕೂ ನಡೆದಳು.

ಉಪಕಾರ ಆಯಿತು. ಅಪ್ಪ ಚೆನ್ನಾಗಿದ್ದಾರೆ. ನೀನು ಒಂದು ಪತ್ರದಲ್ಲೂ ಕೇಳಲಿಲ್ಲ.

ತಮ್ಮ


ಮೇ ೨

ಮಾಲೀಕರಿಗೆ,

ಏಳನೆಯದರ ವಿಚಾರ ವಿವರವಾಗಿ ಬರೆದಿದ್ದೀರಿ.

ಆರು?

ನೌಕರಳು


ಮೇ ೨೦

ಅಕ್ಕ,

ನಿನ್ನ ಕಾಗದ ಜೇಬಿನಲ್ಲೇ ಇಟ್ಟುಕೊಂಡು ಎರಡು ವಾರಕ್ಕಿಂತ ಹೆಚ್ಚಾಯಿತು. ಒಂದೇ ಪದ ಬರೆದು ನನ್ನ ನಿದ್ದೆ ಕೆಡಿಸಿದ್ದೀಯ.

ಆರು ಮಾಡಿದೆ. ಏಳಕ್ಕೆ ಮುಂಚೆ, ನೀನು ಬರೆದ ಕ್ರಮದಲ್ಲೇ. ರಿಪೇರಿಯವನನ್ನು ಟೀ ಕುಡಿದು ಬಾ ಅಂತ ಕಳಿಸಿದೆ. ಕೆಂಪು ದಾಟಿ, ನೀಲಿ ದಾಟಿ, ಹಳದಿಗೆ ಹೋದೆ. ಮೂಲೆಯ ಗಡಿಯಾರದಲ್ಲಿ ನಾಲ್ಕು ಹತ್ತು. ನೀನು ಆಗತಾನೇ ಎದ್ದು ಹೋದ ಹಾಗಿತ್ತು. ನಿಜ ಹೇಳಬೇಕೆಂದರೆ ನನ್ನ ಹೆಸರೇ ಇರುತ್ತದೆ ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಪುಟ ತೆರೆದೆ. ಹಾಗಿದ್ದರೆ ಒಪ್ಪಿಕೊಳ್ಳಬೇಕೋ ಬೇಡವೋ ಅಂತ ಕೂಡ ಯೋಚನೆ ಮಾಡಿದ್ದೆ. ಬೇಡ ಅನ್ನುವ ಕಡೆಗೇ ಮನಸ್ಸು ವಾಲಿತ್ತು.

ನನ್ನ ಹೆಸರಲ್ಲ. ಅಪ್ಪನದು. ನೀನು ಹೋಗುವುದಕ್ಕೆ ಒಂದು ತಿಂಗಳ ಹಿಂದಿನ ತಾರೀಖು, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಅಂದು ನೀನು ರಜೆಯಲ್ಲಿದ್ದೆ, ಆಮೇಲೆ ಹಾಜರಿ ಪುಸ್ತಕ ತೆಗೆದು ನೋಡಿದೆ. ನೀನು ಹೋಗಿ ಎರಡು ತಿಂಗಳಿಗೆ ಅಪ್ಪ ಎರಡೂ ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡರು. ವಯಸ್ಸಾಯಿತು ಅಂದರು, ನಾನೂ ಹೌದು ಅಂದೆ. ಒಂಬತ್ತರ ಕೆಳಗೇ ಆರರ ಗುಂಡಿ ಇದೆ. ಕಾಣದ ಕಣ್ಣಲ್ಲಿ ಒತ್ತಿದ್ದಾರೆ.

ಮರುದಿನ ಕೇಳಿದೆ. ಪ್ಲಾಸ್ಟರಿನ ಅಚ್ಚು ತಿಕ್ಕುತ್ತಿದ್ದರು. ತಲೆ ಎತ್ತಲಿಲ್ಲ.

'ಗೊತ್ತು ಕಣೋ' ಅಂದರು.

'ಗೊತ್ತಾ? ಯಾವಾಗಿಂದ?'

'ಅವತ್ತಿಂದ. ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ನನ್ನನ್ನ ಮನೇಲಿ ಕೂರಿಸ್ತಿದ್ದೆ ನೀನು. ಈ ಕೆಲಸ ಬಿಟ್ರೆ ನನಗೇನಿದೆ ಹೇಳು. ಅವಳು ಗಟ್ಟಿ, ಎಲ್ಲಿ ಹೋದ್ರೂ ಬದುಕ್ತಾಳೆ ಅಂದ್ಕೊಂಡೆ.'

ಹೀಗೆ ಹೇಳಿ ಮತ್ತೆ ತಿಕ್ಕತೊಡಗಿದರು. ನನಗೆ ಅವರ ಮೇಲೆ ಬಂದ ಸಿಟ್ಟು ಇಂಥಾದ್ದು ಅಂತ ಬರೆಯಲಾರೆ. ಆಮೇಲೆ ನನ್ನ ಮೇಲೆ. ಆಮೇಲೆ, ಸುಳ್ಳು ಯಾಕೆ ಹೇಳಲಿ, ನಿನ್ನ ಮೇಲೂ. ಒಂದು ಮಾತು ಬಾಯಿ ಬಿಟ್ಟು 'ಅಪ್ಪ ಕಣೋ' ಅಂದಿದ್ದರೆ ಮೂರು ವರ್ಷ ಉಳಿಯುತ್ತಿತ್ತು. ಯಾವ ಜಂಬಕ್ಕೆ ಸುಮ್ಮನಿದ್ದೆ?

ಹುಡುಗಿಯ ತಾಯಿಗೆ ಹೇಳಿದೆ. ಆಕೆ ಬೆಂಚಿನ ಮೇಲೆ ಕೂತುಬಿಟ್ಟಳು. 'ಮೂರು ವರ್ಷದಿಂದ ಆ ಹೆಂಗಸಿಗೆ ದಿನಾ ಶಾಪ ಹಾಕ್ತಿದ್ದೆನಲ್ಲಪ್ಪ' ಅಂದಳು.

ಕ್ಷಮೆ ಕೇಳುವುದಿಲ್ಲ ಅಂತ ಮಾರ್ಚಿನಲ್ಲಿ ಬರೆದಿದ್ದೆ. ಆ ಸಾಲು ಹೊಡೆದುಹಾಕು. ತಪ್ಪಾಯಿತು.

ಆ ದಿನದ ಪ್ರತಿ ಹೊಸ ಡಿಸ್ಕಿನಲ್ಲಿ ಹಾಗೇ ಇದೆ. ಬೇಕಾದರೆ ಕಳಿಸುತ್ತೇನೆ. ಇದರ ಜೊತೆಗಿರುವ ಕವರು ಅಪ್ಪನದು. ಏನು ಬರೆದಿದ್ದಾರೋ ನಾನು ನೋಡಿಲ್ಲ.

ತಮ್ಮ


ಜೂನ್ ೩

ತಮ್ಮಾ,

ಯಾವ ಜಂಬಕ್ಕೆ ಸುಮ್ಮನಿದ್ದೆ ಎಂದು ಕೇಳಿದ್ದೀಯ. ಅವತ್ತು ಮಧ್ಯಾಹ್ನ ಪುಟ ನೋಡುವವರೆಗೆ ಅದು ಅಪ್ಪ ಎಂದು ನನಗೂ ಗೊತ್ತಿರಲಿಲ್ಲ. ನೋಡಿದ ಮೇಲೆ ಅವರ ಹತ್ತಿರ ಹೋಗಿ ನಿಂತೆ. 'ಅಪ್ಪ, ನಾನು ಹೊರಡ್ತೀನಿ' ಅಂದೆ. ಆಗಲಾದರೂ ಹೇಳುತ್ತಾರೆ ಅಂತ. 'ಹುಷಾರು' ಅಂದರು. ಅವರ ಬಾಯಿಂದ ಬರಬೇಕಾದ ಮಾತನ್ನು ನಾನು ಯಾಕೆ ಆಡಲಿ? ನಾನು ಕಾಯುತ್ತಿದ್ದದ್ದು ನಿನ್ನ ಫೋನಿಗಲ್ಲ. ನೀನು ಕೂಗಾಡುವವನು, ನಿನ್ನದು ಆ ಹೊತ್ತಿಗೆ ಮುಗಿಯುತ್ತದೆ. ನನ್ನನ್ನು ತಿಂದದ್ದು ಅವರ ಮೌನ. ಗಟ್ಟಿ ಇದ್ದಾಳೆ ಎಂದರಂತೆ. ಮೊದಲ ವರ್ಷ ಒಂದು ಸಣ್ಣ ಕೋಣೆಯಲ್ಲಿ, ಯಾರದೋ ಕಚೇರಿಯ ಕೆಟ್ಟ ಪ್ರಿಂಟರುಗಳನ್ನು ಬಿಚ್ಚುತ್ತಾ, ದಿನಾ ಅತ್ತೆ. ಅದನ್ನು ಅವರಿಗೆ ಓದಿ ಹೇಳು.

ನಿನ್ನ ತಪ್ಪೊಪ್ಪಿಗೆ ತಲುಪಿದೆ. ಕ್ಷಮಿಸಿದ್ದೇನೆ ಎಂದು ಈಗಲೇ ಬರೆಯಲಾರೆ. ಕಾಗದದ ಮೇಲೆ ಬರೆದರೆ ಆಮೇಲೆ ಇಲ್ಲ ಅನ್ನಲಾಗುವುದಿಲ್ಲ.

ಡಿಸ್ಕು ನನಗೆ ಬೇಡ. ಅದರಲ್ಲಿರುವ ಪ್ರತಿಯನ್ನು ಅಳಿಸು. ಒಂದೇ ದಿನವನ್ನು ಇಷ್ಟು ವರ್ಷ ಇಟ್ಟುಕೊಂಡರೆ ಏನಾಗುತ್ತದೆ ಅಂತ ನೋಡಿಯಾಯಿತಲ್ಲ.

ಅಪ್ಪನ ಕವರನ್ನು ಒಡೆಯದೆ ಇದರೊಳಗೇ ವಾಪಸ್ ಇಟ್ಟಿದ್ದೇನೆ. ಕೋಣೆಯ ಬಾಗಿಲು ಹಾಕಿಕೊಂಡು ಕಾಗದಕ್ಕೆ ಹೇಳುವುದು ಸುಲಭ. ಅವರು ನನ್ನನ್ನು ಕಳೆದುಕೊಂಡದ್ದು ಏಳು ಜನರ ಮುಂದೆ.

ಹಳದಿಯನ್ನು ಆ ಮೂರು ಪದರದಿಂದ ಈಚೆ ತೆಗೆದು ಅದರದೇ ಒಂದು ಪೆಟ್ಟಿಗೆಗೆ ಇಳಿಸಬೇಕು. ಅದು ನಿನ್ನಿಂದ ಆಗುವ ಕೆಲಸ ಅಲ್ಲ, ರಿಪೇರಿಯವನಿಂದಂತೂ ಅಲ್ಲವೇ ಅಲ್ಲ. ಹದಿನೆಂಟನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ಅವತ್ತು ಇದ್ದ ಐದು ಜನ ಕೆಲಸದವರೂ ಇರಲಿ, ಆ ಹುಡುಗಿಯ ತಾಯಿಯೂ ಇರಲಿ. ಅಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಲಿ. ಹೇಳದಿದ್ದರೆ ಯಂತ್ರ ಮುಟ್ಟದೆ ಅದೇ ಬಸ್ಸಿಗೆ ವಾಪಸ್ ಹೊರಡುತ್ತೇನೆ, ಆಮೇಲೆ ನಿನ್ನ ಕಾಗದಕ್ಕೂ ಉತ್ತರ ಬರುವುದಿಲ್ಲ.

ಅವರ ಕುರ್ಚಿ ಗೋಡೆ ಪಕ್ಕದಲ್ಲೇ ಇರಲಿ. ವಯಸ್ಸಾಗಿದೆ, ಕೂತೇ ಹೇಳಲಿ. ಕನ್ನಡಕ ಮಾತ್ರ ಮೂಗಿನ ಮೇಲಿರಬೇಕು.

ಅಕ್ಕ